ಇಂಗ್ಲೆಂಡಿನ ಗುಡ್ಡದ ಮೇಲೊಂದು ಹಗೇವು

ನೆಲದೊಳಗೆ ಮುಚ್ಚಿಟ್ಟ ಕಾಳಿಗೆ ತನ್ನದೇ ಒಂದು ವಾಸನೆಯಿರುತ್ತದೆ. ಪೂರಾ ಹುಳಿಯಲ್ಲ, ಪೂರಾ ಮುಗ್ಗಲೂ ಅಲ್ಲ; ಬೆಚ್ಚಗಿನ ಮಣ್ಣು, ಒಣಹುಲ್ಲು, ಮೂಗಿನ ತುದಿಗೆ ಸಣ್ಣಗೆ ಚುಚ್ಚುವ ಘಾಟು. ಕಾಳು ಹೂಳಿಡುವ ಗುಂಡಿಯನ್ನು, ಅಂದರೆ ಹಗೇವನ್ನು, ತೆರೆಯುವಾಗ ಪಕ್ಕದಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಲವತ್ತು ವರ್ಷಗಳ ಮೇಲೆ ಆ ವಾಸನೆ ನನಗೆ ಮತ್ತೆ ಬಡಿದದ್ದು ಇಂಗ್ಲೆಂಡಿನ ಒಂದು ಸಣ್ಣ ಹಳ್ಳಿಯ ಹಿಂದಿನ ಗುಡ್ಡದ ಮೇಲೆ. ಅಕ್ಕನ ಮಗಳು ರೇಣುಕಾ ಆ ದೇಶದಲ್ಲಿ ದಾದಿಯಾಗಿದ್ದಾಳೆ. ನಾನು ಕಲಿಸುವ ಶಾಲೆಯ ಬೇಸಿಗೆ ರಜೆಯಲ್ಲಿ ಹೋಗಿದ್ದ ನನ್ನನ್ನು ಅವಳೇ ಆ ಹಳೆಯ ಊರು ತೋರಿಸಲು ಕರೆದೊಯ್ದಿದ್ದಳು.

ನಿಜ ಹೇಳುತ್ತೇನೆ, ಅಂದು ಬೆಳಗಿನಿಂದಲೇ ನನಗೆ ಹೊಟ್ಟೆಕಿಚ್ಚು. ಹುಲ್ಲು ಹೊದಿಸಿದ ಮನೆಗಳು ಮುತ್ತಜ್ಜಂದಿರ ಕಾಲದವಂತೆ, ಒಂದೂ ಬಿದ್ದಿಲ್ಲ. ಹಿಟ್ಟು ಬೀಸುವ ನೀರಗಿರಣಿ ಇನ್ನೂ ತಿರುಗುತ್ತಿದೆ. ಊರಾಚೆಯ ಕೋಟೆಯಲ್ಲಿ ಉಳಿದದ್ದು ಎರಡೇ ಗೋಡೆ, ಅವಕ್ಕೂ ಬೇಲಿ, ಬೋರ್ಡು. ನಮ್ಮ ಕಡೆಯ ಸುರಪುರದ ಅರಸರ ಗೋಡೆಗಳನ್ನು ಹೀಗೆ ಯಾರು ಕಾಯ್ದಾರು ಎಂದು ಗೊಣಗಿದೆ. ಬೀದಿಯ ಮಗ್ಗುಲಲ್ಲೇ ಹರಿಯುವ ಹಳ್ಳದ ದಂಡೆಯಲ್ಲಿ ನಿಂತಾಗಲಂತೂ ಮೈಯೆಲ್ಲ ಉರಿಯಿತು. ದಂಡೆ ಬಿಟ್ಟು ಗೇಣುದ್ದವೂ ಆಚೆ ಹೋಗದ ನೀರು, ಹೇಳಿದ ಮಾತು ಕೇಳುವ ನೀರು. ಅಲ್ಲಿಂದ ಗುಡ್ಡ ಹತ್ತಿದರೆ ಕಟಕಟೆಯೊಳಗೊಂದು ಗುಂಡಿ. ಹಳೆಯ ಕಾಲದವರು ಹೀಗೆ ಕಾಳು ಕಾಯ್ದಿಡುತ್ತಿದ್ದರೆಂದು ತೋರಿಸಲು ಅದರಲ್ಲಿ ಕಾಳು ತುಂಬಿ, ಅಂದು ಬಾಯಿ ತೆರೆದಿದ್ದರು.

"ಇದನ್ನ ನೋಡಾಕ ಇಷ್ಟು ಮಂದಿ ಬರ್ತಾರೇನು? ನಮ್ಮ ಅಂಗಳದಾಗ ಇತ್ತಲ್ಲ!" ಎಂದೆ. ದನಿ ಏರಿತ್ತು, ಒಂದಿಬ್ಬರು ತಿರುಗಿ ನೋಡಿದರು.

ನಮ್ಮ ಮನೆ ಬೋನಾಳದ ಆಚೆಯ ಕಪ್ಪು ಮಣ್ಣಿನ ಎರಿಭೂಮಿಯಲ್ಲಿತ್ತು. ಮಣ್ಣಿನ ಮಾಳಿಗೆ, ಎರಡು ಎತ್ತು, ಅಂಗಳದ ನಡುವೆ ಹಗೇವು. ಅದರ ಒಡತಿ ಆಯಿ, ಅಂದರೆ ಅಪ್ಪನ ತಾಯಿ. ಸುಗ್ಗಿಯಲ್ಲಿ ಒಳಗೋಡೆಗೆ ಜೋಳದ ದಂಟು ಹಾಸಿ, ಬಿಳಿಜೋಳ ಸುರಿದು, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತಿಸುತ್ತಿದ್ದಳು. ಬಿತ್ತುವ ಬೀಜವೂ ಅದರಲ್ಲೇ, ದಂಟಿನ ಸಿಂಬೆಯೊಳಗೆ ಬೇರೆ ಇರುತ್ತಿತ್ತು. ತಿಂಗಳಿಗೊಮ್ಮೆ ಬಂಡೆ ಸರಿಸಿ ಒಳಗಿನ ಕೆಟ್ಟ ಗಾಳಿ ಹೋಗಲೆಂದು ಅರ್ಧ ದಿನ ಬಿಟ್ಟು, ಆಮೇಲೆ ಹಗ್ಗದಲ್ಲಿ ದೀಪ ಇಳಿಬಿಡುವಳು. ದೀಪ ಆರದಿದ್ದರೆ ನನ್ನ ಅಕ್ಕ ನೀಲಮ್ಮನ ನಡುವಿಗೆ ಹಗ್ಗ ಕಟ್ಟಿ ಇಳಿಸುವರು. ಬಾಯಿ ಇಕ್ಕಟ್ಟು, ಹಗುರ ಮೈಯ ಹುಡುಗಿಯೇ ಆಗಬೇಕು. ಮೈತುಂಬ ಧೂಳಾಗಿ ಅಕ್ಕ ಮೇಲೆ ಬಂದರೆ ಆಯಿ ತನ್ನ ಸೆರಗಿನಿಂದ ಅವಳ ಮುಖ ಒರೆಸುತ್ತಿದ್ದಳು, ಮೊದಲ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಡುತ್ತಿದ್ದಳು. ಆ ರೊಟ್ಟಿಗಿಂತ ಆ ಸೆರಗನ್ನು ಕಂಡೇ ನನಗೆ ಹೆಚ್ಚು ಹೊಟ್ಟೆ ಉರಿಯುತ್ತಿತ್ತು. ಅಕ್ಕನ ಕಾಲಾದರೂ ಉಳುಕಬಾರದೇ ಎಂದು ಮನಸ್ಸಿನಲ್ಲೇ ಬೇಡಿಕೊಂಡದ್ದುಂಟು.

ಅಷ್ಟರಲ್ಲಿ ಕಾಲುವೆ ಬಂತು. ಮೇಲಿನ ಹೊಲದವರು ಭತ್ತ ಹಚ್ಚಿದರು. ಎರಿಭೂಮಿ ನೀರು ಕುಡಿದರೆ ಬಿಡುವುದಲ್ಲ. ಹಗೇವಿಗೆ ನೀರು ಜಿನುಗೀತೆಂದು ಊರಿನ ಜಾಣರು ಜೋಳವನ್ನು ಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿದರು. ಅಪ್ಪನೂ ಹಾಗೆ ಮಾಡೋಣವೆಂದ. ಆಯಿ ಒಪ್ಪಲಿಲ್ಲ. "ಚೀಲದಾಗಿನ ಜೋಳ ಹುಳದ ಪಾಲು. ನಮ್ಮ ಹಗೇವು ಮೂರು ತಲಿಮಾರು ಸಾಕ್ಯದ, ಹನಿ ನೀರು ಕಂಡಿಲ್ಲ," ಎಂದು ಎಂದಿನಂತೆ ತುಂಬಿಸಿದಳು. ಆ ವರ್ಷವೇ ಅಕ್ಕ ದೊಡ್ಡವಳಾದಳು. ದೊಡ್ಡವಳಾದ ಹುಡುಗಿ ಹಗೇವಿಗೆ ಇಳಿಯಬಾರದು. ಹಗ್ಗ ನನ್ನ ನಡುವಿಗೆ ಬಂತು.

ಮೊದಲ ಸಲ ಇಳಿದಾಗಲೇ ಗೋಡೆಯ ಕಡೆ ಅಂಗಾಲು ತಣ್ಣಗಾಯಿತು. ದಂಟು ಹಸಿಯಾಗಿತ್ತು. ಹೇಳಿದರೆ ಅಂದೇ ಎಲ್ಲ ಜೋಳ ಮೇಲೆತ್ತುತ್ತಾರೆ, ಮತ್ತೆ ನನ್ನನ್ನು ಯಾರು ಇಳಿಸುತ್ತಾರೆ, ಯಾರು ಮುಖ ಒರೆಸುತ್ತಾರೆ? ನಡುವಿನ ಒಣ ಜೋಳವನ್ನಷ್ಟೇ ಬುಟ್ಟಿಗೆ ತುಂಬಿದೆ. ಆಯಿ ಸೆರಗಿನಿಂದ ಮುಖ ಒರೆಸಿ, "ನಮ್ಮವ್ವ ಶ್ಯಾಣ್ಯಾ ಅದಾಳ," ಎಂದಳು. ಬಾಗಿಲಲ್ಲಿ ನಿಂತಿದ್ದ ಅಕ್ಕ ಮಾತ್ರ ನನ್ನ ಲಂಗದ ಒದ್ದೆ ಅಂಚನ್ನು ನೋಡಿದಳು. ಮರುತಿಂಗಳು ಮೊಣಕಾಲಿನವರೆಗೆ ಹಸಿ ಹತ್ತಿತು. ಆಗಲೂ ಬಾಯಿ ಬಿಡಲಿಲ್ಲ. ಮೂರನೆಯ ತಿಂಗಳು ಬಂಡೆ ಸರಿಸಿದರೆ ದೀಪ ನಿಲ್ಲಲಿಲ್ಲ, ಮೂರು ದಿನ ಕಾದರೂ ನಿಲ್ಲಲಿಲ್ಲ. ಕೊನೆಗೆ ಅಪ್ಪ ಬಾಯಿ ಅಗಲಿಸಿ ಅಗೆದ. ಜೋಳ ಕಪ್ಪಗೆ ಗೊಜ್ಜಾಗಿತ್ತು. ಬೀಜವೂ ಹೋಗಿತ್ತು. ತನ್ನ ಅತ್ತೆಯಿಂದ ಆಯಿಗೆ ಬಂದ ಬೀಜ ಅದು, ಊರಲ್ಲಿ ಬೇರೆ ಯಾರಲ್ಲೂ ಇರಲಿಲ್ಲ.

ಆಯಿ ನನ್ನ ಎದುರು ಕೂತು ಮೆಲ್ಲಗೆ ಕೇಳಿದಳು, "ಇಳದಾಗ ಹಸಿ ಹತ್ತಿತ್ತೇನವ್ವ?"

ನಾನು ನೆಲ ನೋಡಿದೆ. ಅಕ್ಕ ನಡುವೆ ಬಂದು, "ಆಕಿಗೇನ್ ತಿಳೀತದ ಆಯಿ, ಸಣ್ಣಾಕಿ," ಎಂದಳು. ಆಯಿ ಸೆರಗನ್ನು ತನ್ನ ಕಣ್ಣಿಗೆ ಒತ್ತಿಕೊಂಡಳು.

ಮರುವರ್ಷ ನಮ್ಮ ಹೊಲದಲ್ಲೂ ಭತ್ತ. ಹಗೇವಿಗೆ ಕಲ್ಲು ತುಂಬಿದರು. ಆಯಿ ಅನ್ನದ ತಾಟಿನ ಮುಂದೆ ಸುಮ್ಮನೆ ಕೂತಿರುತ್ತಿದ್ದಳು, ಎರಡು ಮಳೆಗಾಲ ಕಳೆಯುವುದರೊಳಗೆ ಹೋದಳು. ನೆಲದ ಉಪ್ಪು ಮೇಲೆದ್ದು ಸವುಳು ಏರಿ ಮನೆಯ ಗೋಡೆಗಳೂ ಒಂದೊಂದಾಗಿ ಕುಸಿದು ಕೂತವು. ಅಕ್ಕ ಸುರಪುರಕ್ಕೆ ಮದುವೆಯಾಗಿ ಹೋದಳು. ಈಗ ಅವಳೂ ಇಲ್ಲ.

ಗುಡ್ಡದ ಮೇಲೆ ಕಟಕಟೆ ಹಿಡಿದು ನಿಂತಿದ್ದ ರೇಣುಕಾ ಗುಂಡಿಯೊಳಗೆ ಬಗ್ಗಿ ನೋಡಿದಳು. "ನಿಮ್ಮ ಹಗೇವಿನ ಸುದ್ದಿ ಅವ್ವ ಹೇಳ್ಯಾಳ, ಸಣ್ಣವ್ವ. ಹಸಿ ಆಗಿದ್ದು ಆಕಿಗೆ ಮೊದಲೇ ಗೊತ್ತಿತ್ತಂತ, ಹೇಳಿರ್ಲಿಲ್ಲಂತ. ಆಯಿ ಬೀಜ ನನ್ನಿಂದನೇ ಹೋತು ಅಂತ ಸಾಯೋ ತನಕ ಅಳ್ತಿದ್ಲು."

"ಇಳದಾಕಿ ನಾನು, ರೇಣು," ಎಂದೆ. "ಮುಚ್ಚಿಟ್ಟಾಕಿ ನಾನು."

ಅವಳು ನಂಬಲಿಲ್ಲ. ತಾಯಿಯನ್ನು ಕಾಯಲು ಹೇಳುತ್ತಿದ್ದೇನೆಂದು ತಿಳಿದು ನನ್ನ ಕೈ ಹಿಡಿದುಕೊಂಡಳು. ಎಷ್ಟು ಹೇಳಿದರೂ ನಂಬಲಿಲ್ಲ. ಹುಟ್ಟಿದಂದಿನಿಂದ ಅಕ್ಕನದೆಲ್ಲ ನನಗೆ ಬೇಕು ಎಂದವಳು ನಾನು. ನನ್ನದರಲ್ಲಿ ಅವಳು ತೆಗೆದುಕೊಂಡದ್ದು ಈ ತಪ್ಪೊಂದೇ, ಅದನ್ನೂ ಹಿಂದಕ್ಕೆ ಕೊಡದೆ ಹೋಗಿದ್ದಾಳೆ.