ಬಾಕಿ ಉಳಿದ ಒಂದು ಪುಸ್ತಕ

ಜಿಲ್ಲಾ ಮಂಡಳಿಯ ಸಂಚಾರಿ ಗ್ರಂಥಾಲಯದ ಬಸ್ಸನ್ನು ಇಪ್ಪತ್ತೇಳು ವರ್ಷದಿಂದ ಓಡಿಸುತ್ತಿದ್ದವಳಿಗೆ ಎಲ್ಲರೂ ಪುಸ್ತಕದಕ್ಕ ಎನ್ನುತ್ತಿದ್ದರು. ಗಂಡನೊಬ್ಬ ಮಾತ್ರ ಡ್ರೈವರ್ ಸಾಹೇಬ್ರು ಎನ್ನುತ್ತಿದ್ದ. ಅವನು ಟೈಲರ್. ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ತುಳಿಯುತ್ತ, ಹೆಂಡತಿ ತಂದ ಸುದ್ದಿಗೆಲ್ಲ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ನಗುತ್ತಿದ್ದ. ಯಾವತ್ತೋ ಒಂದಿನ ನುಂಗಿ ನನ್ನ ಪ್ರಾಣ ತೆಗೀತೀರ ಎಂದು ಅವಳು ದಿನಾ ಬೈಯುತ್ತಿದ್ದಳು.

ಬಸ್ಸಿಗೆ ಅದರದ್ದೇ ಒಂದು ಸ್ವಭಾವ. ಎರಡನೇ ಗೇರು ಬೀಳಬೇಕಾದರೆ ಪುಸಲಾಯಿಸಬೇಕಿತ್ತು. ಹಾರ್ನು ಒತ್ತಿದರೆ ಹಾರ್ನಿನ ಜೊತೆಗೆ ವೈಪರೂ ಒಂದು ಸಲ ಆಡುತ್ತಿತ್ತು. ಡ್ರೈವರೂ ಅವಳೇ, ಲೈಬ್ರೇರಿಯನ್ನೂ ಅವಳೇ. ಆಸ್ಪತ್ರೆ ಗೇಟಿನ ಬಳಿ, ಗಿರಣಿ ಕ್ವಾರ್ಟರ್ಸಿನಲ್ಲಿ, ಡಿಪೋ ಹಿಂದಿನ ಓಣಿಯಲ್ಲಿ ಗಾಡಿ ನಿಲ್ಲಿಸಿ, ಸೀಟಿನಿಂದ ಎದ್ದು ಹಿಂದೆ ಹೋಗಿ ಸ್ಟೂಲಿನ ಮೇಲೆ ಕೂತರೆ ಮುಗಿಯಿತು, ಗ್ರಂಥಾಲಯ ತೆರೆದಂತೆ. ಪುಸ್ತಕ ಮೂರು ವಾರಕ್ಕೆ. ಓದಿ ಮುಗಿಯದಿದ್ದರೆ ಇನ್ನೊಂದು ಸೀಲು, ಇನ್ನೊಂದು ಮೂರು ವಾರ. ಬೇರೆ ಯಾರೂ ಕೇಳದಿದ್ದರೆ ಎಷ್ಟು ಸಲ ಬೇಕಾದರೂ ಸರಿ. ನಿವೃತ್ತ ಮೇಷ್ಟ್ರೊಬ್ಬರು ಒಂದೇ ದಪ್ಪ ಪುಸ್ತಕವನ್ನು ಹನ್ನೊಂದು ವರ್ಷದಿಂದ ಇಟ್ಟುಕೊಂಡಿದ್ದರು. "ಮಧ್ಯದಲ್ಲಿ ನಿದ್ದೆ ಬರುತ್ತೆ ಕಣಮ್ಮ. ಎದ್ದ ಮೇಲೆ ಮತ್ತೆ ಮೊದಲಿಂದ ಶುರು ಮಾಡ್ತೀನಿ," ಎನ್ನುತ್ತಿದ್ದರು. ಅವಳು ನಕ್ಕು ಸೀಲು ಒತ್ತುತ್ತಿದ್ದಳು.

ಆ ವರ್ಷ ಮಂಡಳಿಯವರಿಗೆ ಲಿಫ್ಟಿನ ಹುಚ್ಚು ಹಿಡಿಯಿತು. ಕಚೇರಿ ಕಟ್ಟಡಕ್ಕೆ ಇರುವುದೇ ಎರಡು ಮಹಡಿ. ಆದರೂ ಸಭಾಂಗಣ ಮೇಲಿದೆ, ಸದಸ್ಯರ ಮಂಡಿ ಕೆಳಗಿದೆ. ಲಿಫ್ಟಿಗೆ ಹಣ ಎಲ್ಲಿಂದ ಎಂದು ಹುಡುಕುವಾಗ ಎಲ್ಲರ ಕಣ್ಣೂ ಬಸ್ಸಿನ ಮೇಲೆ ಬಿತ್ತು. ಬಸ್ಸನ್ನು ಎಷ್ಟು ಜನ ಬಳಸುತ್ತಾರೆ, ಒಂದು ವಾರ ಕೂತು ಎಣಿಸಿ ವರದಿ ಕೊಡಿ ಎಂದು ಒಬ್ಬ ಅಧಿಕಾರಿಗೆ ಹೇಳಿದರು.

ಅಧಿಕಾರಿ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬಸ್ಸು ಹತ್ತಿದರು. ತೆಳ್ಳನೆಯ ಮನುಷ್ಯ. ಬಲಗೈಯಲ್ಲಿ ಒತ್ತಿದರೆ ಒಂದಂಕಿ ಮುಂದೆ ಓಡುವ ಪುಟ್ಟ ಡಬ್ಬಿ. ಜೀವಮಾನವೆಲ್ಲ ಬಸ್ಸು, ಬೀದಿದೀಪ, ನಲ್ಲಿಗಳನ್ನು ಎಣಿಸೀ ಎಣಿಸೀ ಹೆಬ್ಬೆರಳಿನ ತುದಿ ಜಡ್ಡುಗಟ್ಟಿತ್ತು. ಅರ್ಧ ಗಂಟೆಯೊಳಗೆ ಅವರಿಗೆ ಎಣಿಕೆ ಸಾಹೇಬರು ಎಂಬ ಹೆಸರು ಬಿತ್ತು.

"ಯಾರು ಪುಸ್ತಕ ತಗೊಂಡು ಹೋಗ್ತಾರೋ ಅವರನ್ನ ಮಾತ್ರ ಎಣಿಸ್ತೀನಿ. ಜಾಸ್ತಿನೂ ಇಲ್ಲ, ಕಮ್ಮಿನೂ ಇಲ್ಲ," ಎಂದರು.

"ಎಣಿಸಿ ಸಾರ್. ನಿಮ್ಮ ಡಬ್ಬಿ ಬಿಸಿ ಆಗುತ್ತೆ ನೋಡ್ತಾ ಇರಿ," ಎಂದಳು ಅವಳು.

ಅವಳ ಧೈರ್ಯಕ್ಕೆ ಕಾರಣವಿತ್ತು. ಹಿಂದಿನ ವಾರವೇ ಓಣಿ ಓಣಿಗೆ ಹೇಳಿ ಬಂದಿದ್ದಳು: ಮಂಡಳಿಯಿಂದ ಪರೀಕ್ಷೆಗೆ ಬರ್ತಾ ಇದ್ದಾರೆ, ಎಲ್ಲರೂ ಬಂದು ನನ್ನ ಮಾನ ಉಳಿಸಿ. ಜನ ಕೇಳಿಸಿಕೊಂಡರು, ತಲೆಯಾಡಿಸಿದರು, ಮನೆಗೆ ಹೋಗಿ ಯೋಚಿಸಿದರು. ಅಕ್ಕನ ಮೇಲೆ ತನಿಖೆ ಬಂದಿದೆ. ಅಕ್ಕನ ಪುಸ್ತಕ ನಮ್ಮ ಮನೆಯಲ್ಲಿದೆ. ಈಗ ಅಕ್ಕನ ಮಾನ ಉಳಿಸುವುದು ಹೇಗೆ?

ಆಸ್ಪತ್ರೆ ಗೇಟಿನಲ್ಲಿ ಬಸ್ಸು ನಿಲ್ಲುವಷ್ಟರಲ್ಲಿ ಸಾಲು ರಸ್ತೆಯ ತಿರುವಿನವರೆಗೆ ಬೆಳೆದಿತ್ತು. ಅವಳಿಗೆ ಆನಂದದಿಂದ ಕಣ್ಣು ತುಂಬಿ ಬಂತು. ಮೊದಲು ಹತ್ತಿದ ನರ್ಸು ಆರು ಪುಸ್ತಕ ಮೇಜಿನ ಮೇಲಿಟ್ಟು, "ಎಲ್ಲಾ ಸರಿಯಾಗಿದೆ ಸಾರ್, ನೋಡ್ಕೊಳ್ಳಿ. ಅಕ್ಕ ತುಂಬಾ ಶಿಸ್ತು," ಎಂದು ಸಾಹೇಬರಿಗೆ ಕೈಮುಗಿದು ಇಳಿದೇ ಹೋದಳು. ಹಿಂದೆ ಬಂದ ಕ್ಷೌರಿಕ ನಾಲ್ಕು ಕೊಟ್ಟ. ಅವನ ಅತ್ತಿಗೆ ಅಟ್ಟದ ಮೇಲಿಂದ ಹುಡುಕಿ ತೆಗೆದ ಒಂಬತ್ತು ತಂದಳು. ಯಾರೂ ಒಂದು ಪುಸ್ತಕವನ್ನೂ ಮುಟ್ಟಲಿಲ್ಲ.

"ತಗೊಂಡು ಹೋಗ್ರೋ," ಎಂದು ಅವಳು ಹಲ್ಲುಕಚ್ಚಿ ಪಿಸುಗುಟ್ಟಿದಳು.

"ಈಗ ಬೇಡಕ್ಕ. ಸಾಹೇಬ್ರು ಹೋಗ್ಲಿ," ಎಂದು ಅವರು ಕಣ್ಣು ಮಿಟುಕಿಸಿದರು.

ಮಂಗಳವಾರವೂ ಅದೇ ಕಥೆ, ಬುಧವಾರ ಇನ್ನೂ ಜೋರು. ಮೇಷ್ಟ್ರು ತಮ್ಮ ದಪ್ಪ ಪುಸ್ತಕಕ್ಕೆ ಹೊಸ ರಟ್ಟು ಹಾಕಿಸಿ ತಂದರು. ಹನ್ನೊಂದು ವರ್ಷದ ಸಂಗಾತಿಯನ್ನು ಬಿಟ್ಟುಕೊಡುವಾಗ ರಟ್ಟನ್ನು ಇನ್ನೊಮ್ಮೆ ಸವರಿದರು. ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕಪಾಟು ತುಂಬಿತು, ಸೀಟಿನ ಅಡಿ ತುಂಬಿತು, ಗೇರಿನ ಪಕ್ಕ ವಿಶ್ವಕೋಶ ಬಂದು ಕೂತಿತು. ಎರಡನೇ ಗೇರು ಬೀಳುವುದನ್ನೇ ಬಿಟ್ಟಿತು. ಹಿಂಬಾಗಿಲು ಮುಚ್ಚದೆ ಹಗ್ಗ ಕಟ್ಟಬೇಕಾಯಿತು.

ಇತ್ತ ಎಣಿಕೆ ಸಾಹೇಬರಿಗೆ ಎಣಿಸಲು ಏನೂ ಇರಲಿಲ್ಲ. ಕೆಲಸವಿಲ್ಲದ ಎಡಗೈ ಗುರುವಾರದ ಹೊತ್ತಿಗೆ ಪಕ್ಕದ ರಾಶಿಯಿಂದ ಒಂದು ಸಣ್ಣ ಕಾದಂಬರಿ ಎತ್ತಿಕೊಂಡಿತು. ದೀಪಸ್ತಂಭ ಕಾಯುವ ಒಬ್ಬ ಮುದುಕನ ಕಥೆ. ಬಲಗೈಯಲ್ಲಿ ಡಬ್ಬಿ ಹಿಡಿದೇ ಇದ್ದರು, ಎಡಗೈ ಪುಟ ತಿರುಗಿಸುತ್ತಿತ್ತು. ಅವಳು ನೋಡುತ್ತಿರುವುದು ಗೊತ್ತಾದ ಕೂಡಲೇ ಮುಚ್ಚಿಟ್ಟು, "ಎಣಿಸೋಕೆ ಬಂದಿದ್ದೀನಿ, ಓದೋಕಲ್ಲ," ಎಂದು ಕಿಟಕಿಯ ಕಡೆ ತಿರುಗಿದರು. ಸ್ವಲ್ಪ ಹೊತ್ತಿಗೆ ಎಡಗೈ ಮತ್ತೆ ಹೊರಟಿತು.

ಶನಿವಾರ ಮಧ್ಯಾಹ್ನ ಅವರು ಗಂಟಲು ಸರಿಮಾಡಿಕೊಂಡು ವಿಷಯ ಹೇಳಿದರು. ಪಡೆದವರು ಸೊನ್ನೆ. ಅದೊಂದೇ ಆಗಿದ್ದರೆ ಬೇರೆ ಮಾತು. ಮಂಡಳಿಯವರು ಒಂಬತ್ತು ವರ್ಷದಿಂದ ಬಸ್ಸು ನಿಲ್ಲಿಸಲು ನೋಡುತ್ತಲೇ ಇದ್ದರಂತೆ. ಆದರೆ ಓದುಗರ ಕೈಯಲ್ಲಿ ಒಂದೇ ಒಂದು ಪುಸ್ತಕ ಬಾಕಿ ಇದ್ದರೂ ಸೇವೆ ನಿಲ್ಲಿಸುವಂತಿಲ್ಲ ಎಂದು ಹಳೆಯ ನಿಯಮವಿದೆ. ಬಾಕಿ ಯಾವಾಗಲೂ ಇರುತ್ತಿತ್ತು, ಬಸ್ಸು ನಿಲ್ಲಿಸುವ ಕಡತ ಯಾವಾಗಲೂ ವಾಪಸ್ ಬರುತ್ತಿತ್ತು.

"ಈಗ ಎಲ್ಲಾ ಬಂದುಬಿಟ್ಟಿವೆ," ಎಂದರು ಸಾಹೇಬರು, ನೆಲ ನೋಡುತ್ತ. "ಸೋಮವಾರ ಬಜೆಟ್ ಸಭೆ. ಬಸ್ಸನ್ನ ಕಚೇರಿಗೆ ತಂದು ಕೀಲಿ ಒಪ್ಪಿಸಿಬಿಡಿ."

ಮನೆಯಲ್ಲಿ ಇದನ್ನು ಹೇಳಿದಾಗ ಗಂಡ ಮೊದಲ ಸಲ ಬಾಯಿಂದ ಸೂಜಿ ತೆಗೆದಿಟ್ಟ. "ಅಂದ್ರೆ, ನಿನ್ನ ಮೇಲಿನ ಪ್ರೀತಿಗೆ ನಿನ್ನ ಕೆಲಸಾನೇ ಕಳೆದ್ರಾ?" ಎಂದ. ಅವಳು ಹೂಂ ಎಂದಳು. ಇಬ್ಬರೂ ಒಂದು ನಿಮಿಷ ಮುಖ ಮುಖ ನೋಡಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ಬಸ್ಸಿಲ್ಲದ ಬೆಳಗನ್ನು ಅವಳಿಗೆ ಊಹಿಸಲೂ ಆಗುತ್ತಿರಲಿಲ್ಲ.

ಸೋಮವಾರ ಅವಳು ಮೊದಲನೇ ಗೇರಿನಲ್ಲೇ ಮಂಡಳಿ ಕಚೇರಿಯ ಏರು ಹತ್ತಿದಳು. ಅಂಗಳದಲ್ಲಿ ಬ್ರೇಕು ಹಾಕಿದ್ದೇ ತಡ, ಹಿಂದಿನ ಹಗ್ಗ ಪಟ್ಟೆಂದು ಹರಿದು, ಅರ್ಧ ಗ್ರಂಥಾಲಯ ಅಂಗಳಕ್ಕೆ ಸುರಿಯಿತು. ಸರಿಯಾಗಿ ಟೀ ವಿರಾಮದ ಹೊತ್ತು. ಸದಸ್ಯರು ಲೋಟ ಹಿಡಿದು ಕೆಳಗೆ ಬಂದಿದ್ದರು. ಅಯ್ಯೋ ಪಾಪ ಎಂದು ಹೆಕ್ಕಿಕೊಡಲು ಬಗ್ಗಿದವರು, ಬಗ್ಗಿದಲ್ಲೇ ಪುಟ ತೆರೆದರು.

ಹಾಲಿನ ಡೈರಿ ನಡೆಸುವ ಸದಸ್ಯರೊಬ್ಬರು ಒಂದು ಪತ್ತೇದಾರಿ ಕಾದಂಬರಿ ಹಿಡಿದು ಬಂದರು. "ಅಕ್ಕಾ, ಇದನ್ನ ಓದಿ ಕೊಡ್ಲಾ?"

ಇಪ್ಪತ್ತೇಳು ವರ್ಷದ ಅಭ್ಯಾಸ. ತಲೆ ಯೋಚಿಸುವ ಮುಂಚೆ ಅವಳ ಕೈ ಸೀಲು ಒತ್ತಿತು. ಠಪ್. ಮೂರು ವಾರ.

ಶಾಯಿ ಆರುವಷ್ಟರಲ್ಲಿ ಅವಳಿಗೆ ಹೊಳೆಯಿತು. ಅವಳು ಸ್ಟೂಲನ್ನು ಅಂಗಳಕ್ಕೆ ಎಳೆದು ಹಾಕಿ ಕೂತಳು. "ಬನ್ನಿ ಅಣ್ಣಾ, ನಿಮಗೆ ಬೇಟೆ ಕಥೆ ಇದೆ. ಬನ್ನಿ ತಾಯಿ, ಹೊಲಿಗೆ ಬೇಕಾ, ಕೊಲೆ ಬೇಕಾ? ನೂಕಾಡಬೇಡಿ, ಎಲ್ಲರಿಗೂ ಇದೆ." ಠಪ್, ಠಪ್, ಠಪ್. ಅಧ್ಯಕ್ಷೆಯವರೇ ಒಂದು ಪ್ರೇಮಕಥೆಯನ್ನು ಮಡಿಚಿದ ಪತ್ರಿಕೆಯೊಳಗೆ ಸೇರಿಸಿ ಮುಂದೆ ಚಾಚಿದರು. ಅದಕ್ಕೂ ಠಪ್. ಹದಿಮೂರು ಮಂದಿ ಸದಸ್ಯರು ಮುಗಿಯುವಷ್ಟರಲ್ಲಿ ಸಭೆಯ ಗಂಟೆ ಹೊಡೆಯಿತು. ಕೊನೆಯಲ್ಲಿ ಇನ್ನೊಂದು ಕೈ ಬಂತು. ಅವಳು ಮುಖ ನೋಡದೆ ಅದಕ್ಕೂ ಒತ್ತಿದಳು.

ಸಭಾಂಗಣದಲ್ಲಿ ಎಣಿಕೆ ಸಾಹೇಬರು ವರದಿ ಓದಿದರು. ಕೊನೆಯ ಸಾಲಿಗೆ ಬಂದಾಗ ನಿಂತು, ಬಾಗಿಲ ಬಳಿ ನಿಂತಿದ್ದ ಅವಳನ್ನು ಕೇಳಿದರು. "ನಿಯಮದಂತೆ ಕೇಳ್ತಿದ್ದೀನಿ. ಈ ಕ್ಷಣಕ್ಕೆ ಬಾಕಿ ಎಷ್ಟು?"

"ಹದಿನಾಲ್ಕು ಸಾರ್."

ಮೇಜುಗಳ ಕೆಳಗೆ ಸರಬರ ಸದ್ದಾಯಿತು. ಅಧ್ಯಕ್ಷೆಗೆ ಕೂಡಲೇ ಅರ್ಥವಾಯಿತು. ಕೆಂಪಗಾದ ಮುಖದಲ್ಲೇ ಪತ್ರಿಕೆಯೊಳಗಿನ ಪ್ರೇಮಕಥೆಯನ್ನು ತೆಗೆದು ಮೇಜಿನ ಮೇಲಿಟ್ಟು, "ಎಲ್ಲರೂ ವಾಪಸ್ ಕೊಡಿ," ಎಂದರು. ಡೈರಿಯವರು, ಈಗ ತಾನೇ ಹೆಣ ಸಿಕ್ಕಿದೆ ಎಂದು ಗೊಣಗುತ್ತ ಕೊಟ್ಟರು. ಒಬ್ಬೊಬ್ಬರೇ ತಂದಿಟ್ಟರು. ಮೇಜಿನ ಮೇಲೆ ಹದಿಮೂರು ಪುಸ್ತಕ ಕೂತವು.

"ಇನ್ನೊಂದು ಯಾರ ಹತ್ರ ಇದೆ?"

ಎಣಿಕೆ ಸಾಹೇಬರು ತಮ್ಮ ಕಡತ ಬಿಡಿಸಿದರು. ಒಳಗೆ ದೀಪಸ್ತಂಭದ ಮುದುಕನಿದ್ದ. ಜಡ್ಡುಗಟ್ಟಿದ ಹೆಬ್ಬೆರಳು ಅಂದಿನ ತಾರೀಖಿನ ಸೀಲಿನ ಪಕ್ಕದಲ್ಲಿತ್ತು.

"ನನ್ನ ಹತ್ರ," ಎಂದರು. "ಇನ್ನೂ ಮುಗಿದಿಲ್ಲ. ಅವಧಿಗೆ ಮುಂಚೆ ಓದುಗನ ಕೈಯಿಂದ ಪುಸ್ತಕ ಕೇಳೋ ಹಾಗಿಲ್ಲ ಅಂತ ಮುಂದಿನ ನಿಯಮದಲ್ಲೇ ಇದೆ, ಮೇಡಂ. ಬೇಕಾದ್ರೆ ಓದಿ ಹೇಳ್ತೀನಿ." ನಂತರ ಬಲಗೈಯ ಡಬ್ಬಿಯನ್ನು ಎಲ್ಲರಿಗೂ ಕೇಳುವಂತೆ ಒಂದು ಸಲ ಒತ್ತಿದರು.

ಆಮೇಲೆ ಡೈರಿಯವರು ಎದ್ದು, "ಹಂಗಾದ್ರೆ ನಂದೂ ವಾಪಸ್ ಕೊಡಿ," ಎಂದು ಮೇಜಿಗೆ ಕೈ ಹಾಕಿದರು. ಅವರ ಹಿಂದೆ ಹನ್ನೊಂದು ಜನ ನುಗ್ಗಿದರು. ಅಧ್ಯಕ್ಷೆ ಸ್ವಲ್ಪ ಹೊತ್ತು ಬಿಗಿಯಾಗಿ ಕೂತಿದ್ದು, ಬೇರೆ ಯಾರಾದರೂ ಎತ್ತಿಕೊಂಡಾರು ಎಂಬ ಭಯಕ್ಕೆ ಪ್ರೇಮಕಥೆಯ ಮೇಲೆ ಕೈ ಇಟ್ಟರು. ಬಸ್ಸಿನ ಹಣ ಬಸ್ಸಿಗೇ ಉಳಿಯಿತು.

ಇದಾಗಿ ಐದು ವರ್ಷವಾಯಿತು. ಸದಸ್ಯರು ಈಗಲೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಾರೆ. ಮೇಷ್ಟ್ರಿಗೆ ಅವರ ದಪ್ಪ ಪುಸ್ತಕ ಮರಳಿ ಸಿಕ್ಕಿದೆ. ಮೂರು ವಾರಕ್ಕೊಮ್ಮೆ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ, ಈಗ ನಿವೃತ್ತರಾಗಿರುವ ಎಣಿಕೆ ಸಾಹೇಬರು ಆಸ್ಪತ್ರೆ ಗೇಟಿನಲ್ಲಿ ಬಸ್ಸು ಹತ್ತಿ, ನೂರಾ ಹತ್ತು ಪುಟದ ಆ ಕಾದಂಬರಿಯನ್ನು ಮುಂದಿಡುತ್ತಾರೆ.

"ಮುಗೀತಾ ಸಾರ್?" ಎಂದು ಕೇಳುತ್ತಾಳೆ ಅವಳು, ಸೀಲು ಎತ್ತಿ ಹಿಡಿದು.

"ಎಲ್ಲಿ ಮುಗೀತಮ್ಮಾ," ಎನ್ನುತ್ತಾರೆ ಅವರು. "ಇನ್ನೂ ಎರಡು ಪುಟ ಇದೆ."