ಮರಳಿ ಕೇಳಿದ ಮಣ್ಣು

ನಮ್ಮ ಬೀದಿಯಲ್ಲಿ ರೈಟಣ್ಣನೆಂದರೆ ಎಲ್ಲರಿಗೂ ಗೊತ್ತು. ಬಸ್ಸಿನ ಕಂಡಕ್ಟರಾಗಿ "ರೈಟ್, ರೈಟ್" ಎನ್ನುತ್ತ ಆಯುಷ್ಯವನ್ನೆಲ್ಲ ನಿಂತೇ ಕಳೆದವನು. ನಿವೃತ್ತನಾದ ಮೇಲಾದರೂ ಒಂದು ಕಡೆ ಕೂತಾನೆಂದು ಅವನ ಹೆಂಡತಿ ಕಾದಿದ್ದಳು. ಅವನು ಕೂರಲಿಲ್ಲ; ಬೀದಿಯ ಕೊನೆಯಲ್ಲಿದ್ದ ಕೊಳದ ಬೆನ್ನು ಹತ್ತಿದ.

ಕೊಳವೆಂಬುದು ಹೆಸರಿಗಷ್ಟೆ. ಹರಿದ ಹಾಸಿಗೆ, ಒಡೆದ ಬಕೆಟ್ಟು, ಜೊಂಡು, ಸೊಳ್ಳೆ. ಅದನ್ನು ಮುಚ್ಚಿ ವಾಹನ ನಿಲ್ಲಿಸುವ ಜಾಗ ಮಾಡುತ್ತೇವೆಂದು ನಗರಸಭೆಯವರು ಹೊರಟಾಗ, ರೈಟಣ್ಣ ಅವರ ಕಚೇರಿಗೆ ಅಲೆದು ಚಪ್ಪಲಿ ಸವೆಸಿ ಒಂದು ಮಾತು ಪಡೆದು ಬಂದ. ಮಳೆಗಾಲ ಮುಗಿದ ಮೇಲೂ ಕೊಳದಲ್ಲಿ ನೀರು ನಿಂತಿದ್ದರೆ ಮುಚ್ಚುವುದಿಲ್ಲ.

ಭಾನುವಾರ ಬಂದರೆ ದರ್ಜಿ, ಔಷಧದಂಗಡಿಯವನು, ಎದುರು ಮನೆಯ ಅತ್ತೆ ಸೊಸೆ, ಶಾಲೆಯ ಮೇಷ್ಟ್ರಾದ ನಾನು, ಎಲ್ಲರೂ ಬುಟ್ಟಿ ಹಿಡಿದು ಹೂಳೆತ್ತಲು ಇಳಿಯುತ್ತಿದ್ದೆವು. ರೈಟಣ್ಣನಿಗೆ ಹಳೆಯ ಅಭ್ಯಾಸ.

"ಒಳಗೆ ಹೋಗಿ, ಇನ್ನೂ ಒಳಗೆ ಹೋಗಿ!"

"ಇನ್ನೆಷ್ಟು ಒಳಗೆ ಹೋಗೋದು ಮಾರಾಯ? ಪಾತಾಳದಲ್ಲೇನಾದ್ರೂ ಸ್ಟಾಪ್ ಇದೆಯಾ?" ಎಂದು ದರ್ಜಿ ಕೂಗುತ್ತಿದ್ದ.

ಹೂಳು ಮುಗಿದ ಮೇಲೆ ಬೂದುಬಣ್ಣದ ಜೇಡಿಮಣ್ಣು ಸಿಕ್ಕಿತು. ಅವನು ಹೇಳಿದನೆಂದು ಅದನ್ನೂ ಕೆರೆದೆವು. ಒಳ್ಳೆಯ ಮಣ್ಣೆಂದು ಎಲ್ಲರೂ ಮನೆಗೆ ಹೊತ್ತೊಯ್ದು ಅಂಗಳಕ್ಕೆ, ಗಿಡದ ಪಾತಿಗೆ ಹಾಕಿಕೊಂಡರು.

ಮಳೆ ಬಂದು ಕೊಳ ತುಂಬಿತು. ವಾರ ಕಳೆಯುವುದರೊಳಗೆ ನೀರೆಲ್ಲ ಇಂಗಿಹೋಯಿತು. ಬಿದ್ದ ಮರದ ಬೊಡ್ಡೆಯನ್ನು ಸರಿಸಲಾಗದೆ ನಾವು ಕೆರೆಯದೆ ಬಿಟ್ಟಿದ್ದ ಮೂಲೆಯಲ್ಲಿ ಮಾತ್ರ ನೀರು ಹಾಗೇ ನಿಂತಿತ್ತು. ರೈಟಣ್ಣ ಬಗ್ಗಿ ಅಲ್ಲಿ ಕೈಯಾಡಿಸಿದ. ಅಂಗೈಗೆ ಅದೇ ಬೂದು ಮಣ್ಣು ಅಂಟಿತು.

"ಮೇಷ್ಟ್ರೇ, ನೀರು ಹಿಡಿಯೋ ತಳಾನೇ ಕಿತ್ತು ಊರಿಗೆಲ್ಲ ಹಂಚಿಬಿಟ್ಟೆನಲ್ಲ," ಎಂದ.

ಮಳೆಗಾಲ ಇನ್ನೇನು ಮುಗಿಯುವುದರಲ್ಲಿತ್ತು. ಅಂದು ಸಂಜೆ ಅವನ ಮನೆಗೆ ಹೋದೆ. ಮಂಡಿಗೆ ಎಣ್ಣೆ ತಿಕ್ಕುತ್ತ ನಿಂತಿದ್ದ.

"ಕೊಟ್ಟದ್ದನ್ನ ವಾಪಸ್ ಕೊಡಿ ಅಂತ ಯಾವ ಮುಖ ಇಟ್ಕೊಂಡು ಕೇಳ್ಲಿ?"

"ಮುಖ ಆಮೇಲೆ. ಮೊದಲು ಹಿತ್ತಿಲು ನೋಡಿ," ಎಂದಳು ಹೆಂಡತಿ.

ಹಿತ್ತಿಲಲ್ಲಿ ಅದೇ ಮಣ್ಣಿನ ಪಾತಿಯಲ್ಲಿ ಅವಳ ಹೀರೆಬಳ್ಳಿ ಹಬ್ಬಿತ್ತು.

"ಬೇಡ ಕಣೇ, ಹೂ ಬಿಟ್ಟಿದೆ."

"ನಮ್ಮನೇದು ಉಳಿಸ್ಕೊಂಡು ಬೇರೆಯವರದ್ದು ಕೇಳಿದ್ರೆ ಯಾರು ಕೊಡ್ತಾರ್ರೀ?" ಎಂದು ಗುದ್ದಲಿಯನ್ನು ಅವಳೇ ತಂದುಕೊಟ್ಟಳು. ಅಗೆಯುವಾಗ ಮಾತ್ರ ಒಳಗೆ ಹೋಗಿ ಪಾತ್ರೆ ತೊಳೆಯುತ್ತಿದ್ದಳು.

ಬೆಳಗ್ಗೆ ಅವನು ಆ ಬುಟ್ಟಿಯನ್ನೇ ಹೊತ್ತು ಮನೆಮನೆಗೆ ಹೋದ. ಮಣ್ಣಿನಲ್ಲಿ ಹಳದಿ ಹೂವಿನ ಬಳ್ಳಿಯ ತುಂಡು ಇನ್ನೂ ಸಿಕ್ಕಿಕೊಂಡಿತ್ತು.

ದರ್ಜಿ ಅದನ್ನು ನೋಡಿದ. "ಕೊಟ್ಟ ಟಿಕೆಟ್ ಕಿತ್ಕೊಳ್ಳೋ ಕಂಡಕ್ಟರನ್ನ ಇವತ್ತೇ ನೋಡಿದ್ದು," ಎಂದು ಗೊಣಗುತ್ತಲೇ ಅಂಗಳ ಅಗೆಯಲು ನಿಂತ. ಅತ್ತೆ ಸೊಸೆ ಎರಡು ಕುಂಡಗಳನ್ನು ಬೋರಲು ಹಾಕಿದರು. ಕೆಲವರು ಬಾಗಿಲನ್ನೇ ತೆರೆಯಲಿಲ್ಲ.

ಕೂಡಿಬಂದ ಮಣ್ಣನ್ನು ಹರಡಿ, ನೀರು ಚಿಮುಕಿಸಿ, ಕಾಲು ಬಿದ್ದುಹೋಗುವಂತೆ ತುಳಿದೆವು. ಮೊದಲಿನ ನಗು, ಹರಟೆ ಯಾವುದೂ ಇರಲಿಲ್ಲ. "ಒಳಗೆ ಹೋಗಿ" ಎನ್ನುವವನೂ ಬಾಯಿ ಮುಚ್ಚಿಕೊಂಡು ತುಳಿಯುತ್ತಿದ್ದ. ಮಣ್ಣು ಅರ್ಧ ಕೊಳಕ್ಕಷ್ಟೆ ಸಾಕಾಯಿತು. ನಡುವೆ ಒಡ್ಡು ಹಾಕಿ ಉಳಿದರ್ಧವನ್ನು ಬಿಟ್ಟುಬಿಟ್ಟೆವು.

ಕಡೆಯ ಮಳೆ ಸುರಿದು ಹೋಯಿತು. ರೈಟಣ್ಣ ನೀರಿನಲ್ಲೊಂದು ಕೋಲು ನೆಟ್ಟು, ಹಲ್ಲುಜ್ಜುವ ಮೊದಲೇ ಬಂದು ನೋಡಿ ಹೋಗುತ್ತಿದ್ದ. ನಗರಸಭೆಯ ಅಧಿಕಾರಿ ಬಂದ ದಿನ ನೀರು ಇನ್ನೂ ಮೊಣಕಾಲುದ್ದವಿತ್ತು.

"ಏನ್ರೀ ಇದು, ಅರ್ಧವೇ ಇದೆಯಲ್ಲ?"

"ಅರ್ಧ ತುಂಬಿದ್ರೂ ಬಸ್ಸು ಹೊರಡ್ತದೆ ಸ್ವಾಮಿ."

ಅಧಿಕಾರಿ ಕೋಲನ್ನೊಮ್ಮೆ, ಅವನ ಕೆಸರು ಮೆತ್ತಿದ ಕಾಲನ್ನೊಮ್ಮೆ ನೋಡಿ, "ಇರ್ಲಿ ಬಿಡಿ, ಮುಚ್ಚಲ್ಲ," ಎಂದು ಹೊರಟುಹೋದರು.

ರೈಟಣ್ಣ ಏನಾದರೂ ಹೇಳುವನೆಂದು ನಾವು ಕಾದೆವು. ಅವನು ಮೆಲ್ಲನೆ ನಾನು ಕೂತಿದ್ದ ಕೊಳದ ಮೆಟ್ಟಿಲ ಬಳಿ ಬಂದ.

"ಮೇಷ್ಟ್ರೇ, ಸ್ವಲ್ಪ ಸರೀರಿ," ಎಂದು ನನ್ನ ಪಕ್ಕದಲ್ಲಿ ಕುಳಿತುಕೊಂಡ.