ಗಿಟಾರ್ ಭಾಯಿಯ ಒಂದೇ ಕ್ಯಾಸೆಟ್

ಮೊನ್ನೆ ಮಾಗಡಿಯಿಂದ ಬಸ್ಸು ಹತ್ತಿ ರಾಮನಗರಕ್ಕೆ ಹೋಗಿದ್ದೆ. ನಮ್ಮ ಹಳೆಯ ಬೀದಿಗೆ ತಿರುಗುತ್ತಿದ್ದಂತೆ ಬೇಯುತ್ತಿರುವ ರೇಷ್ಮೆಗೂಡಿನ ವಾಸನೆ ಮೂಗಿಗೆ ಬಡಿಯಿತು. ಹೊಸಬರು ಕರವಸ್ತ್ರ ಹಿಡಿಯುವಂಥ ವಾಸನೆ. ನನಗೆ ಮಾತ್ರ ಅದರ ಹಿಂದೆಯೇ ಗಿಟಾರಿನ ದನಿ ಕೇಳಿಸಿದಂತಾಯಿತು...

ಅದನ್ನು ನುಡಿಸುತ್ತಿದ್ದವರು ನಮ್ಮ ಪಕ್ಕದ ಮನೆಯವರು. ಬೀದಿಗೆಲ್ಲ ಗಿಟಾರ್ ಭಾಯ್. ಹಗಲೆಲ್ಲ ಗಂಡ ಹೆಂಡತಿ ಕುದಿಯುವ ನೀರಿನ ತೊಟ್ಟಿಯ ಮುಂದೆ ಕೂತು ಗೂಡಿನಿಂದ ನೂಲು ತೆಗೆಯುತ್ತಿದ್ದರು. ಸಂಜೆ ಭಾಯ್ ಜಗಲಿಗೆ ಬಂದು ಗಿಟಾರ್ ಹಿಡಿಯುತ್ತಿದ್ದರು. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ಒಂದು ರೆಕಾರ್ಡೇ ಅವರಿಗೆ ಗುರು. ಹತ್ತಿ ಹೊಲಗಳಲ್ಲಿ ದುಡಿದ ಅಮೆರಿಕದ ಕಪ್ಪು ಜನರ ಹಾಡುಗಳು, ಬ್ಲೂಸ್ ಅನ್ನುತ್ತಾರಂತೆ. ಅದರ ಒಂದು ಪದವೂ ಅವರಿಗೆ ತಿಳಿಯುತ್ತಿರಲಿಲ್ಲ.

“ಅರ್ಥ ಯಾಕ್ ಬೇಕಪ್ಪಾ? ಮೈ ಮುರ್ದು ದುಡ್ದೋರ ಹಾಡು ಇದು. ಒಸಿ ಕೇಳು, ಗೊತ್ತಾಯ್ತದೆ,” ಅನ್ನುತ್ತಿದ್ದರು.

ವರ್ಷಗಟ್ಟಲೆ ಬಿಸಿನೀರಿನಲ್ಲಿ ಅದ್ದಿ ಅದ್ದಿ ಅವರ ಬೆರಳ ತುದಿಗಳು ಬಿರಿದುಹೋದವು. ತಂತಿ ಒತ್ತಿದರೆ ರಕ್ತ. ಒಂದು ಸಂಜೆ ಗಿಟಾರನ್ನು ಮೊಳೆಗೆ ತೂಗುಹಾಕಿದವರು ಎಷ್ಟೋ ತಿಂಗಳು ಅದರ ಕಡೆ ತಿರುಗಿ ನೋಡಲಿಲ್ಲ. ಯಾರೊಂದಿಗೂ ಮಾತಿಲ್ಲ, ಊಟವೂ ಅಷ್ಟಕ್ಕಷ್ಟೇ.

ಕೊನೆಗೆ ಅದನ್ನು ಇಳಿಸಿದವರು ಅವರ ಹೆಂಡತಿ, ನಮ್ಮೆಲ್ಲರ ಭಾಬಿ. ಗಿಟಾರನ್ನು ಗಂಡನ ತೊಡೆಯ ಮೇಲಿಟ್ಟು, ಅಗಲ ಬಾಯಿಯ ಮಾತ್ರೆ ಸೀಸೆಯೊಂದನ್ನು ಕೈಗೆ ಕೊಟ್ಟು, ಬೆರಳಿಗೆ ಇದನ್ನಾದರೂ ಹಾಕಿಕೊಂಡು ನುಡಿಸಿ, ಹೀಗೆ ಮಂಕಾಗಿ ಕೂರಬೇಡಿ ಎಂದು ಉರ್ದುವಿನಲ್ಲಿ ಗದರಿದರು. ಭಾಯ್ ಬೇಸರದಿಂದಲೇ ಸೀಸೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸಿದರು. ತಂತಿ ಮನುಷ್ಯರ ಹಾಗೆ ಅತ್ತಿತು! ರೆಕಾರ್ಡಿನಲ್ಲಿದ್ದ ಅದೇ ಅಳು. ಇಷ್ಟು ವರ್ಷ ಅವರ ಬೆರಳಿಗೆ ದಕ್ಕದೇ ಉಳಿದದ್ದು. ಭಾಯ್ ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು.

ಆಮೇಲೆ ಚನ್ನಪಟ್ಟಣ, ಕನಕಪುರದ ಆರ್ಕೆಸ್ಟ್ರಾದವರು ಅವರ ಜಗಲಿ ಹುಡುಕಿಕೊಂಡು ಬರತೊಡಗಿದರು. ನಮ್ಮ ಕಡೆಯ ಮದುವೆಗಳಲ್ಲಿ ಸಿನಿಮಾ ಹಾಡಿನ ನಡುವೆಯೂ ಆ ಅಳು ಕೇಳಿಸುತ್ತಿತ್ತು.

ಅಷ್ಟರಲ್ಲಿ ನಾನು ಮಾಗಡಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದೆ. ಒಂದು ಮಧ್ಯಾಹ್ನ ಅವರನ್ನು ಕರೆಸಿ, ಷಟರ್ ಎಳೆದು, ಒಂದು ಕ್ಯಾಸೆಟ್ ತುಂಬ ನುಡಿಸಿದ್ದನ್ನು ರೆಕಾರ್ಡ್ ಮಾಡಿಕೊಂಡೆ. ಹೊರಗೆ ಹೋದ ಕುದೂರು ಬಸ್ಸಿನ ಹಾರನ್ ಸದ್ದೂ ಅದರಲ್ಲಿದೆ. ಇನ್ನೊಂದು ಮಾಡೋಣ ಅಂದುಕೊಂಡಿದ್ದೆವು... ಅಷ್ಟರೊಳಗೆ ತೊಟ್ಟಿಯ ಹಬೆಯಿಂದ ಅವರಿಗೆ ಹತ್ತಿದ್ದ ಕೆಮ್ಮು ಉಬ್ಬಸಕ್ಕೆ ತಿರುಗಿತ್ತು. ಆ ಚಳಿಗಾಲ ಅವರು ದಾಟಲಿಲ್ಲ.

ಜನ ಕೊಂಡುಹೋದ ಪ್ರತಿಗಳೆಲ್ಲ ಸವೆದುಹೋದವು. ನನ್ನ ಬಳಿ ಉಳಿದಿದ್ದ ಮೂಲ ಕ್ಯಾಸೆಟ್ಟನ್ನು ಈಗ ಮೊಬೈಲಿಗೆ ಹಾಕಿಸಿ, ಭಾಬಿಗೆ ಕೇಳಿಸಲೆಂದೇ ಮೊನ್ನೆ ಹೋಗಿದ್ದು.

ಭಾಬಿ ಮೊಬೈಲನ್ನು ಕಿವಿಗೊತ್ತಿ ಹಿಡಿದು ಎಲ್ಲವನ್ನೂ ಕೇಳಿದರು. ಮುಖ ಅಲುಗಲಿಲ್ಲ. ಕೊನೆಯ ಹಾಡು ಮುಗಿದರೂ ಅಂದು ಅಂಗಡಿಯಲ್ಲಿ ನಾನು ಮಷೀನು ನಿಲ್ಲಿಸಿರಲಿಲ್ಲ. ಗಿಟಾರ್ ಕೆಳಗಿಟ್ಟ ಸದ್ದು, ಹಿಂದೆಯೇ ಭಾಯಿಯ ದನಿ: “ಆಯ್ತೇನಪ್ಪಾ? ಮನೇಲಿ ಕಾಯ್ತಾ ಅವ್ಳೆ. ಬತ್ತೀನಿ.”

ಭಾಬಿ ನನ್ನ ಕೈ ಹಿಡಿದುಕೊಂಡರು. “ಹಾಡು ಬ್ಯಾಡಪ್ಪಾ. ಆ ಮಾತು ಇನ್ನೊಂದ್ ಸಲ ಹಾಕು.”

ಹಾಕಿದೆ. ಅವರು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನೋಡಿದರು.